ಎಡ್ವರ್ಡ್ ಲಿಯರ್ ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದ?

ಪ್ರಶ್ನೆ: ಮಗಳಿಗೆ ಇಂಗ್ಲಿಷ್ ಕವಿ ಲಿಯರ್‌ನ ಗೂಬೆ ಮತ್ತು ಬೆಕ್ಕಿನ ಪದ್ಯ ಓದಿ ಹೇಳುತ್ತಿದ್ದೇನೆ. ಇಂಥ ತಲೆಬುಡವಿಲ್ಲದ ಪದ್ಯ ಬರೆದೇ ಆತ ಬದುಕಿದನಾ? ಗೊತ್ತಿದ್ದವರು ಹೇಳಿ.

ಉತ್ತರ: ಇಲ್ಲ ಸರ್, ಅವನಿಗೆ ಅನ್ನ ಹಾಕಿದ್ದು ಚಿತ್ರಕಲೆ. ನಾನೂ ಚಿತ್ರ ಬರೆಯುವವನು, ಹಾಗಾಗಿ ಅವನ ಗಿಳಿಗಳ ಮೇಲೆ ಪ್ರೀತಿ ಜಾಸ್ತಿ. 1832ರಲ್ಲಿ, ಇನ್ನೂ ಇಪ್ಪತ್ತರ ಆಸುಪಾಸಿನಲ್ಲಿದ್ದಾಗ, 42 ಗಿಳಿ ಚಿತ್ರಗಳ ಪುಸ್ತಕ ಮುಗಿಸಿದ. ಲಂಡನ್ನಿನ ಮೃಗಾಲಯದಲ್ಲಿ ಜೀವಂತ ಹಕ್ಕಿಗಳನ್ನು ನೋಡಿ ಬರೆದದ್ದು. ಆ ಕಾಲದಲ್ಲಿ ಸತ್ತ ಹಕ್ಕಿಯ ಚರ್ಮ ನೋಡಿ ಬರೆಯುವವರೇ ಹೆಚ್ಚು. ಅದಕ್ಕೇ ಇವನ ಗಿಳಿಗಳು ಈಗಲೂ ನಮ್ಮನ್ನು ಗುರಾಯಿಸುತ್ತವೆ! ಆಮೇಲೆ ಡರ್ಬಿಯ ಅರ್ಲ್ ಎಂಬ ಬಿರುದಿನ ಇಂಗ್ಲಿಷ್ ಶ್ರೀಮಂತ ತನ್ನ ಪ್ರಾಣಿಗಳ ಚಿತ್ರ ಬರೆಯಲು ಕರೆಸಿಕೊಂಡ. ಆ ಮನೆಯ ಮಕ್ಕಳನ್ನು ನಗಿಸಲು ಸುಮ್ನೆ ಗೀಚಿದ ಪದ್ಯಗಳು 1846ರಲ್ಲಿ ಪುಸ್ತಕವಾದವು. ಅದೇ ವರ್ಷ ವಿಕ್ಟೋರಿಯಾ ರಾಣಿಗೆ ಚಿತ್ರದ ಪಾಠವನ್ನೂ ಹೇಳಿದ.

ಇನ್ನೊಬ್ಬರು: ಕಣ್ಣಿನ ತೊಂದರೆಯಿಂದ ಹಕ್ಕಿ ಬಿಟ್ಟು ಬೆಟ್ಟಗುಡ್ಡ ಹಿಡಿದ ಅಲ್ವಾ?

ಉತ್ತರ: ಹೌದು. ಭಾರತಕ್ಕೂ ಬಂದಿದ್ದ, 1873ರ ಕೊನೆಯಿಂದ ವರ್ಷಕ್ಕೂ ಮೇಲೆ ಸುತ್ತಾಡಿದ. ಡಾರ್ಜಿಲಿಂಗ್‌ನಿಂದ ಕಂಡ ಕಾಂಚನಜುಂಗಾವನ್ನು ದೊಡ್ಡ ತೈಲಚಿತ್ರ ಮಾಡಿದ್ದಾನೆ. ಚೆನ್ನಾಗಿದೆ, ಆದರೆ ನನ್ನ ಓಟು ಗಿಳಿಗಳಿಗೇ.