ಕೋಚ್ ಸರ್ ತೀರಿಕೊಂಡರು. ತಂಡದವರು ವಾಲಿಬಾಲ್ ಕೋರ್ಟ್‌ನಲ್ಲೇ ಏನಾದರೂ ಮಾಡಬಹುದಾ?

ಪ್ರಶ್ನೆ | ಹಳೆಯ ಸೆಟರ್

ವಿಶ್ವವಿದ್ಯಾಲಯದ ಮಹಿಳಾ ವಾಲಿಬಾಲ್ ತಂಡದಲ್ಲಿ ನಮಗೆ ಆಟ ಕಲಿಸಿದ ಸರ್ ಹೋದ ವಾರ ತೀರಿಕೊಂಡರು. ಇನ್ನೂ ನಂಬಿಕೆ ಬರುತ್ತಿಲ್ಲ.

ಸರ್ ಹತ್ತಿರ ಒಂದು ಮರದ ಕೋಲಿತ್ತು. ಅದರಲ್ಲಿ ಹುಡುಗಿಯರ ನೆಟ್ ಎತ್ತರ 2.24 ಮೀಟರ್‌ಗೆ ಕೆಂಪು ಗೆರೆ, ಹುಡುಗರ ನೆಟ್ ಎತ್ತರ 2.43ಕ್ಕೆ ನೀಲಿ ಗೆರೆ. ಹುಡುಗರ ಪ್ರಾಕ್ಟೀಸ್ ಮುಗಿದು ನಮ್ಮ ಸರದಿ ಬಂದಾಗ ತಾವೇ ನೆಟ್ ಇಳಿಸಿ, ನಡುವೆ ಒಮ್ಮೆ, ಎರಡೂ ಬದಿಗೆ ಒಮ್ಮೊಮ್ಮೆ ಕೋಲಿಟ್ಟು ನೋಡುತ್ತಿದ್ದರು. ‘ಹುಡುಗೀರಿಗೆ ಅಷ್ಟೆಲ್ಲ ಯಾಕೆ ಸರ್’ ಅಂತ ಯಾರಾದರೂ ಅಂದರೆ ಮಾತಾಡುತ್ತಿರಲಿಲ್ಲ. ಇನ್ನೊಮ್ಮೆ ಅಳೆಯುತ್ತಿದ್ದರು.

ಪಾಯಿಂಟ್ ಬಂದ ಕೂಡಲೇ ಎಲ್ಲರೂ ಸ್ಮ್ಯಾಶ್ ಹೊಡೆದವಳನ್ನು ತಬ್ಬಿಕೊಳ್ಳಲು ಓಡುತ್ತಾರೆ, ಅಲ್ವಾ? ಸರ್ ಮಾತ್ರ ಹೊರಗಿನಿಂದ ‘ಮೊದಲ ಪಾಸ್ ಯಾರದ್ದು?’ ಅಂತ ಕೂಗುತ್ತಿದ್ದರು. ಎದುರಾಳಿಯ ಸರ್ವಿಸ್ ಎತ್ತಿದವಳ ಹತ್ತಿರ ನಾವು ಮೊದಲು ಹೋಗಬೇಕಿತ್ತು.

ಈಗ ಹೊಸ ಸೀಸನ್ ಶುರುವಾಗುತ್ತಿದೆ. ಒಂದು ನಿಮಿಷ ಮೌನ, ತೋಳಿಗೆ ಕಪ್ಪು ಪಟ್ಟಿ ಅಂತ ತೀರ್ಮಾನವಾಗಿದೆ. ಅದು ಬೇಡ ಅಂತಲ್ಲ. ಆದರೆ ಅಷ್ಟರಲ್ಲಿ ನಮ್ಮ ಸರ್ ಕಾಣುವುದಿಲ್ಲ. ಕೆಲವರು ಅವರ ಹೆಸರಲ್ಲಿ ಟೂರ್ನಮೆಂಟ್ ಮಾಡೋಣ ಅನ್ನುತ್ತಿದ್ದಾರೆ. ಇಂಥದ್ದನ್ನು ಮಾಡಿದವರು, ಕಂಡವರು ದಯವಿಟ್ಟು ಹೇಳಿ.

ಉತ್ತರ | ಬ್ಯಾಸ್ಕೆಟ್‌ಬಾಲ್ ಹುಚ್ಚಿನವನು

ಓದಿ ಸಂಕಟವಾಯಿತು ಅಕ್ಕ. ಮೊದಲ ಪಾಸಿನ ಮಾತು ಓದಿದಾಗ ಡೀನ್ ಸ್ಮಿತ್ ನೆನಪಾದರು. ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಕೋಚ್. ಬಾಸ್ಕೆಟ್ ಹಾಕಿದವನು ಪಾಸ್ ಕೊಟ್ಟವನ ಕಡೆ ಬೆರಳು ತೋರಿಸಬೇಕು ಅನ್ನುವುದನ್ನು ಅವರು ತಮ್ಮ ಹುಡುಗರಿಗೆ ರೂಢಿ ಮಾಡಿಸಿದ್ದರು.

‘ಫೋರ್ ಕಾರ್ನರ್ಸ್’ ಅನ್ನುವ ಆಟದಿಂದಲೂ ಅವರು ಹೆಸರಾದವರು. ನಾಲ್ವರು ನಾಲ್ಕು ಮೂಲೆಗೆ ಸರಿಯುತ್ತಾರೆ, ಒಬ್ಬ ನಡುವೆ ಚೆಂಡು ಆಡಿಸುತ್ತಾ ಹೊತ್ತು ಕಳೆಯುತ್ತಾನೆ. ಇಷ್ಟು ಸೆಕೆಂಡಿನೊಳಗೆ ಬಾಸ್ಕೆಟ್‌ಗೆ ಎಸೆಯಲೇಬೇಕು ಅನ್ನುವ ಶಾಟ್ ಕ್ಲಾಕ್ ನಿಯಮ ಬಂದ ಮೇಲೆ ಅದಕ್ಕೆ ಜಾಗವೇ ಉಳಿಯಲಿಲ್ಲ. ಸ್ಮಿತ್ 2015ರ ಫೆಬ್ರವರಿಯಲ್ಲಿ ತೀರಿಕೊಂಡರು. ಅದೇ ತಿಂಗಳ 21ರಂದು ಜಾರ್ಜಿಯಾ ಟೆಕ್ ವಿರುದ್ಧದ ಪಂದ್ಯ. ಮೊದಲ ಸಲ ಚೆಂಡು ಕೈಗೆ ಬಂದಾಗ ನಾರ್ತ್ ಕೆರೊಲಿನಾ ಆಟಗಾರ ಮಾರ್ಕಸ್ ಪೇಜ್ ನಾಲ್ಕು ಬೆರಳು ಎತ್ತಿದರು. ತಂಡ ಆ ಹಳೇ ಆಟವನ್ನೇ ಆಡಿತು, ಬಾಸ್ಕೆಟ್ ಕೂಡ ಬಿತ್ತು. ಭಾಷಣ ಬೇಕಾಗಲಿಲ್ಲ.

ನಿಮಗಂತೂ ಏನು ಮಾಡಬೇಕು ಅಂತ ಸರ್ ಅವರೇ ಹೇಳಿಟ್ಟಿದ್ದಾರೆ. ಮೊದಲ ಪಾಯಿಂಟ್ ಬಂದಾಗ ಉಳಿದ ಐವರೂ ಮೊದಲ ಪಾಸ್ ಎತ್ತಿದವಳ ಹತ್ತಿರ ಓಡಲಿ.

ಉತ್ತರ | ಮೈದಾನದ ಹಳಬ

ಟೂರ್ನಮೆಂಟ್ ವಿಷಯದಲ್ಲಿ ಸ್ವಲ್ಪ ತಡೆಯಿರಿ. ಮೊದಲ ವರ್ಷ ಎಲ್ಲರೂ ಕೈ ಜೋಡಿಸುತ್ತಾರೆ. ಆಮೇಲೆ ರೆಫರಿ, ಚೆಂಡು, ಬಂದವರ ವಸತಿ ಎಲ್ಲ ಒಬ್ಬಿಬ್ಬರ ತಲೆ ಮೇಲೆ ಬೀಳುತ್ತದೆ. ಸದ್ದಿಲ್ಲದೆ ನಿಂತುಹೋದರೆ ಮನೆಯವರಿಗೆ ಇನ್ನೂ ನೋವು.

ಅದರ ಬದಲು ಒಂದು ನಿಧಿ ಮಾಡಿ. ಅಸಲು ಮುಟ್ಟಬೇಡಿ. ಬಡ್ಡಿಯಲ್ಲಿ ಪ್ರತಿ ವರ್ಷ ಕಷ್ಟದಲ್ಲಿರುವ ಒಬ್ಬ ಹುಡುಗಿಗೆ ಶೂ, ನೀ ಪ್ಯಾಡ್ ಕೊಡಿಸಿ. ಸಣ್ಣದಾದರೂ ನಡೆಯುತ್ತಾ ಇರುತ್ತದೆ. ಅಮೆರಿಕದ ಮಹಿಳಾ ಬ್ಯಾಸ್ಕೆಟ್‌ಬಾಲ್ ಕೋಚ್ ಕೇ ಯೌ ಕ್ಯಾನ್ಸರ್‌ನಿಂದ 2009ರಲ್ಲಿ ತೀರಿಕೊಂಡರು. ಅವರು ಬದುಕಿದ್ದಾಗಲೇ ಶುರುವಾದ ಕ್ಯಾನ್ಸರ್ ನಿಧಿಗೆ ಅವರು ಹೋದ ಮೇಲೂ ಕಾಲೇಜು ತಂಡಗಳು ಹಣ ಕೂಡಿಸುತ್ತಾ ಬಂದಿವೆ.

ಇನ್ನೊಂದು ಮಾತು. ಏನೇ ಮಾಡಿದರೂ ಮೊದಲು ಮನೆಯವರನ್ನು ಕೇಳಿ. ಫೋಟೊ ಹಾಕುವುದಿದ್ದರೂ ಸರಿ. ಕೆಲವರಿಗೆ ಇಷ್ಟು ಬೇಗ ಜನರ ಮುಂದೆ ಬಂದು ಕೂರಲು ಆಗುವುದಿಲ್ಲ.

ಪ್ರಶ್ನೆ ಕೇಳಿದವರು | ಹಳೆಯ ಸೆಟರ್

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಈಗಿನ ಕ್ಯಾಪ್ಟನ್‌ಗೆ ಫೋನ್ ಮಾಡಿದೆ. ‘ಮೊದಲ ಪಾಯಿಂಟ್‌ಗೆ ಮಾತ್ರ ಯಾಕೆ ಅಕ್ಕ, ಸೀಸನ್ ಪೂರ್ತಿ ಹಾಗೇ ಮಾಡ್ತೀವಿ’ ಅಂದಳು. ನಾಳೆ ಸರ್ ಮನೆಗೆ ಹೋಗಿ ಮೇಡಂ ಅವರನ್ನು ಕೇಳುತ್ತೇನೆ. ಟೂರ್ನಮೆಂಟ್ ಸದ್ಯಕ್ಕೆ ಬೇಡ.

ಉತ್ತರ | ಬ್ಯಾಸ್ಕೆಟ್‌ಬಾಲ್ ಹುಚ್ಚಿನವನು

ಅವರು ಹೇಳಿಕೊಟ್ಟ ಡ್ರಿಲ್‌ಗಳನ್ನೂ ಹಳೇ ಆಟಗಾರ್ತಿಯರಿಂದ ಈಗಲೇ ಬರೆಸಿ. ಬರೆಯಲು ಬೇಜಾರು ಅನ್ನುವವರು ಫೋನಲ್ಲಿ ಮಾತಾಡಿ ರೆಕಾರ್ಡ್ ಮಾಡಲಿ. ಬೆಂಚಿನಲ್ಲೇ ಜಾಸ್ತಿ ಕೂತವರನ್ನು ಮರೆಯಬೇಡಿ. ಸರ್ ಪಕ್ಕದಲ್ಲೇ ಇದ್ದವರು ಅವರು, ಎಷ್ಟೋ ಮಾತು ಅವರಿಗೆ ಮಾತ್ರ ಕೇಳಿಸಿರುತ್ತದೆ.