ಪುಟ್ಟಿ, ಅಳು ಬಂದರೆ ಅಳು

ಪುಟ್ಟಿ, ಗ್ರೂಪಿನಲ್ಲಿ ನಿನ್ನ ಮೆಸೇಜ್ ಈಗಷ್ಟೇ ನೋಡಿದೆ. ಇದು ಸ್ವಲ್ಪ ಉದ್ದ ಆಗುತ್ತದೆ, ಬಿಡುವಾದಾಗ ಕೇಳು. ಒಂದೇ ಸಲಕ್ಕೆ ಪೂರ್ತಿ ಕೇಳಬೇಕು ಅಂತೇನೂ ಇಲ್ಲ.

ನಿನ್ನಮ್ಮ, ನಮ್ಮ ಚಿಕ್ಕಮ್ಮ, ಹೋಗಿ ಮೂರು ತಿಂಗಳಾದರೂ ಅಳು ನಿಲ್ಲುತ್ತಿಲ್ಲ, ಪ್ರಾರ್ಥನೆಗೆ ಕೂತರೆ ಬಾಯಿಂದ ಮಾತೇ ಬರುವುದಿಲ್ಲ, ನನ್ನ ನಂಬಿಕೆ ಸತ್ತೇ ಹೋಯಿತಾ ಅಕ್ಕಾ ಅಂತ ಕೇಳಿದ್ದೀಯ. ಅದರ ಕೆಳಗೆ ದೊಡ್ಡಪ್ಪ, ಅಳಬೇಡಮ್ಮ, ಅವಳು ಕರ್ತನ ಹತ್ತಿರ ಇದ್ದಾಳೆ, ನಂಬಿದವರು ಹೀಗೆ ಅಳಬಾರದು ಅಂತ ಹಾಕಿದ್ದಾರೆ. ದೊಡ್ಡಪ್ಪಾ, ನೀವು ಪ್ರೀತಿಯಿಂದಲೇ ಹೇಳಿದ್ದೀರಿ, ಅದು ನನಗೆ ಗೊತ್ತು. ಚಿಕ್ಕಮ್ಮ ಕರ್ತನ ಹತ್ತಿರ ಇದ್ದಾರೆ ಅನ್ನೋದನ್ನು ನಾನೂ ಪೂರ್ತಿ ನಂಬುತ್ತೇನೆ. ಆದರೆ ಅಳಬಾರದು ಅನ್ನೋ ಮಾತನ್ನು ಮಾತ್ರ ಒಪ್ಪಲಾರೆ. ನಮ್ಮ ಬೈಬಲ್ ಹಾಗೆ ಹೇಳೋದೇ ಇಲ್ಲ.

ಪುಟ್ಟಿ, ಯೋಹಾನನ ಸುವಾರ್ತೆಯ 11ನೇ ಅಧ್ಯಾಯ ತೆಗೆದು ನಿಧಾನವಾಗಿ ಓದು. ಲಾಜರನನ್ನು ಸಮಾಧಿಯಲ್ಲಿಟ್ಟು ನಾಲ್ಕು ದಿನ ಆಗಿದೆ. ಯೇಸು ಸ್ವಾಮಿ ಬರುತ್ತಿದ್ದಾರೆ ಅಂತ ಗೊತ್ತಾದ ಕೂಡಲೇ ಮಾರ್ಥ ಎದ್ದು ಎದುರಿಗೆ ಹೋಗುತ್ತಾಳೆ. ಮರಿಯ ಮನೆಯಲ್ಲೇ ಕೂತಿರುತ್ತಾಳೆ. ಒಂದೇ ಮನೆಯ ಅಕ್ಕ ತಂಗಿ, ಸತ್ತವನು ಇಬ್ಬರಿಗೂ ಒಡಹುಟ್ಟಿದವನು, ಆದರೂ ದುಃಖ ಒಬ್ಬೊಬ್ಬರಿಗೆ ಒಂದೊಂದು ಥರ. ಆಮೇಲೆ ಇಬ್ಬರ ಬಾಯಲ್ಲೂ ಬಂದದ್ದು ಮಾತ್ರ ಒಂದೇ ಮಾತು. ಸ್ವಾಮೀ, ನೀನು ಇಲ್ಲಿದ್ದಿದ್ದರೆ ಅವನು ಸಾಯುತ್ತಿರಲಿಲ್ಲ. ಆ ಮಾತಿನಲ್ಲಿ ನಂಬಿಕೆಯೂ ಇದೆ, ಸ್ವಲ್ಪ ಕೋಪವೂ ಇದೆ ಅಂತ ನನಗನ್ನಿಸುತ್ತದೆ. ಸ್ವಾಮಿ ಇಬ್ಬರನ್ನೂ ಗದರಲಿಲ್ಲ. ಮಾರ್ಥಳಿಗೆ, ನಾನೇ ಪುನರುತ್ಥಾನವೂ ಜೀವವೂ ಆಗಿದ್ದೇನೆ ಅಂತ ಹೇಳಿದರು. ಮರಿಯ ಬಂದು ಕಾಲಿಗೆ ಬಿದ್ದು ಅತ್ತಾಗ ಏನೂ ಬೋಧನೆ ಮಾಡಲಿಲ್ಲ, ಅವನನ್ನು ಎಲ್ಲಿ ಇಟ್ಟಿದ್ದೀರಿ ಅಂತ ಕೇಳಿ ತಾವೂ ಅತ್ತುಬಿಟ್ಟರು. ಇನ್ನು ಸ್ವಲ್ಪ ಹೊತ್ತಿಗೆಲ್ಲ ಲಾಜರ ಎದ್ದು ಹೊರಗೆ ಬರುತ್ತಾನೆ ಅಂತ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಅತ್ತರು! ಸತ್ತವರು ಎದ್ದು ಬರುತ್ತಾರೆ ಅನ್ನೋ ನಿರೀಕ್ಷೆ ಇದ್ದವರು ಅಳಬಾರದು ಅನ್ನೋದಾದರೆ ಅವತ್ತು ಅಲ್ಲಿ ಅಳಬಾರದಿದ್ದವರು ಮೊದಲು ಅವರೇ ಅಲ್ವಾ?

ಇನ್ನೊಂದು ಬರೆದಿದ್ದೀಯ. ಎರಡು ದಿನ ಮೊದಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಿದ್ದರೆ ಅಮ್ಮ ಉಳಿಯುತ್ತಿದ್ದರೇನೋ ಅಂತ. ಮಾರ್ಥ ಹೇಳಿದ್ದೂ ಇಂಥದ್ದೇ ಮಾತು. ಆದರೆ ನೋಡು, ಅವಳು ಅದನ್ನು ಎದೆಯೊಳಗೆ ಇಟ್ಟುಕೊಂಡು ತನ್ನನ್ನೇ ಚುಚ್ಚಿಕೊಳ್ಳಲಿಲ್ಲ, ತಗೊಂಡು ಹೋಗಿ ಸ್ವಾಮಿಯ ಮುಂದೆ ಇಟ್ಟಳು. ನೀನೂ ಇಡು. ಸ್ವಾಮೀ, ಆ ರಾತ್ರಿ ನೀನು ಎಲ್ಲಿದ್ದೆ ಅಂತ ಕೇಳಬೇಕು ಅನ್ನಿಸಿದರೆ ಕೇಳು. ಚಿಕ್ಕಮ್ಮನ ಹಾಸಿಗೆ ಪಕ್ಕ ಕುರ್ಚಿ ಹಾಕಿಕೊಂಡು, ಅವರ ತುಟಿ ಒಣಗಿದಾಗಲೆಲ್ಲ ಹತ್ತಿ ಒದ್ದೆ ಮಾಡಿ ಒರೆಸುತ್ತಾ ಬೆಳಗಿನ ತನಕ ಕೂತಿದ್ದವಳು ನೀನು. ನಾವೆಲ್ಲ ನೋಡಿದ್ದೇವೆ. ನೀನು ಏನೋ ಕಡಿಮೆ ಮಾಡಿದೆ ಅಂತ ಯಾರ ಮನಸ್ಸಲ್ಲೂ ಇಲ್ಲ.

ದೊಡ್ಡಪ್ಪಾ, ನಿಮ್ಮ ಮನಸ್ಸಲ್ಲಿ ಇದ್ದದ್ದು ಬಹುಶಃ ಅಪೊಸ್ತಲ ಪೌಲ ಥೆಸಲೋನಿಕ ಊರಿನ ಸಭೆಯವರಿಗೆ ಬರೆದ ಮಾತು. ಅದು ಅವನ ತೀರಾ ಮೊದಲ ಪತ್ರಗಳಲ್ಲಿ ಒಂದು, ಸುಮಾರು ಕ್ರಿ.ಶ. 50ರ ಹೊತ್ತಿನದು. ಹೊಸದಾಗಿ ನಂಬಿದವರು, ಕರ್ತನು ಬೇಗ ಬರುತ್ತಾನೆ ಅಂತ ಕಾಯುತ್ತಿದ್ದವರು, ಅಷ್ಟರಲ್ಲಿ ತಮ್ಮವರೇ ಕೆಲವರು ತೀರಿಹೋದರು. ಇವರ ಗತಿ ಏನು ಅಂತ ಉಳಿದವರಿಗೆ ಗಾಬರಿ. ಆಗ ಪೌಲ ಹೇಳಿದ್ದು, ನಿರೀಕ್ಷೆ ಇಲ್ಲದವರ ಹಾಗೆ ದುಃಖಪಡಬೇಡಿ ಅಂತ. ದುಃಖವನ್ನೇ ಪಡಬೇಡಿ ಅಂತ ಹೇಳಲಿಲ್ಲ. ಅವನೇ ಫಿಲಿಪ್ಪಿಯವರಿಗೆ ಬರೆಯುವಾಗ, ನನ್ನ ಜೊತೆ ಸೇವೆ ಮಾಡುವ ಎಪಫ್ರೊದೀತ ಕಾಯಿಲೆಯಿಂದ ಸಾಯುವ ಹಾಗಿದ್ದ, ದೇವರು ಕರುಣೆ ತೋರಿಸಿದ್ದರಿಂದ ನನಗೆ ದುಃಖದ ಮೇಲೆ ದುಃಖ ಬರಲಿಲ್ಲ ಅನ್ನುತ್ತಾನೆ. ಸಾಯೋದೇ ಲಾಭ ಅಂತ ಅದೇ ಪತ್ರದಲ್ಲಿ ಬರೆದ ಮನುಷ್ಯ! ನಂಬಿಕೆಗೋಸ್ಕರ ಕಲ್ಲೇಟು ತಿಂದು ಸತ್ತ ಸ್ತೆಫನನ ವಿಷಯವೂ ಹಾಗೇ. ಸಾಯುವ ಮೊದಲು ಅವನು ಪರಲೋಕ ತೆರೆದಿರೋದನ್ನು ಕಂಡ. ಅವನು ಎಲ್ಲಿಗೆ ಹೋದ ಅಂತ ಯಾರಿಗೂ ಸಂಶಯ ಇರಲಿಲ್ಲ. ಆದರೂ ದೇವಭಕ್ತರು ಅವನನ್ನು ಹೂಣಿಟ್ಟು ಬಹಳ ಗೋಳಾಡಿದರು ಅಂತ ಅಪೊಸ್ತಲರ ಕೃತ್ಯಗಳಲ್ಲಿ ಇದೆ.

ನನಗೆ ಅರ್ಥ ಆಗಿರೋದು ಇಷ್ಟು. ಸಾವು ಒಳ್ಳೆಯದು, ಸಹಜ, ಸುಮ್ನೆ ಒಪ್ಪಿಕೊಂಡುಬಿಡಿ ಅಂತ ನಮ್ಮ ನಂಬಿಕೆ ಹೇಳಿಕೊಡುವುದಿಲ್ಲ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿ ಸಾವನ್ನು ಶತ್ರು ಅಂತಲೇ ಕರೆದಿದ್ದಾರೆ, ಕಡೆಯ ಶತ್ರು. ಶತ್ರು ಬಂದು ನಮ್ಮ ಮನೆಯಿಂದ ಒಬ್ಬರನ್ನು ಎತ್ತಿಕೊಂಡು ಹೋದರೆ ಅಳದೆ ಇನ್ನೇನು ಮಾಡೋದು. ನಿರೀಕ್ಷೆ ಇರೋದು ಆ ಶತ್ರು ಸೋಲುತ್ತಾನೆ ಅನ್ನೋದರಲ್ಲಿ. ಚಿಕ್ಕಮ್ಮನ ಆತ್ಮ ಎಲ್ಲೋ ಮೇಲೆ ಇದೆ ಅಂತ ಹೇಳಿ ನಾವು ಅಲ್ಲಿಗೇ ನಿಲ್ಲಿಸಿಬಿಡುತ್ತೇವೆ. ವಿಶ್ವಾಸ ಪ್ರಮಾಣ ಹೇಳುವಾಗ ದೇಹದ ಪುನರುತ್ಥಾನವನ್ನು ನಂಬುತ್ತೇನೆ ಅಂತ ಎಲ್ಲರೂ ಒಟ್ಟಿಗೆ ಹೇಳುತ್ತೇವಲ್ಲ, ಅದನ್ನು ಈಗ ಯೋಚನೆ ಮಾಡು. ಎದ್ದು ಬಂದ ಯೇಸು ಸ್ವಾಮಿಯ ಕೈಯಲ್ಲಿ ಮೊಳೆಯ ಗಾಯ ಹಾಗೇ ಇತ್ತು. ಶಿಷ್ಯರ ಮುಂದೆ ಕೂತು ಸುಟ್ಟ ಮೀನು ತಿಂದರು. ಮಗ್ದಲದ ಮರಿಯ ಅನ್ನೋ ಇನ್ನೊಬ್ಬ ಶಿಷ್ಯೆ ಸ್ವಾಮಿಯ ಸಮಾಧಿಯ ಹತ್ತಿರ ಅಳುತ್ತಾ ನಿಂತಿದ್ದಳು, ಎದುರಿಗಿದ್ದ ಸ್ವಾಮಿಯನ್ನೇ ತೋಟಗಾರ ಅಂದುಕೊಂಡಳು, ಮರಿಯಳೇ ಅಂತ ಹೆಸರು ಹಿಡಿದು ಕರೆದ ಮೇಲೆ ಗುರುತು ಹಿಡಿದಳು. ಅದೇ ದನಿ. ಹಾಗಾದರೆ ಚಿಕ್ಕಮ್ಮ ಚಿಕ್ಕಮ್ಮನಾಗಿಯೇ ಎದ್ದು ಬರುತ್ತಾರೆ, ನೋವು ಮಾತ್ರ ಇರೋದಿಲ್ಲ. ನನಗೆ ಸಮಾಧಾನ ಸಿಗೋದು ಇದರಿಂದಲೇ ಪುಟ್ಟಿ, ಬೇರೆ ಯಾವ ಮಾತೂ ನನ್ನನ್ನು ಇಷ್ಟು ಹಿಡಿದು ನಿಲ್ಲಿಸಿಲ್ಲ.

ಪ್ರಾರ್ಥನೆಗೆ ಮಾತು ಬರದಿದ್ದರೆ ಚಿಂತೆ ಮಾಡಬೇಡ. ನಮಗೆ ಮಾತು ತೋಚದೆ ಇದ್ದಾಗ ಪವಿತ್ರಾತ್ಮನೇ ನರಳುತ್ತಾ ನಮಗೋಸ್ಕರ ಬೇಡಿಕೊಳ್ಳುತ್ತಾನೆ ಅಂತ ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯದಲ್ಲಿ ಇದೆ. ಆಗೋದಾದರೆ 88ನೇ ಕೀರ್ತನೆ ಓದು. ಅದರಲ್ಲಿ ಮೊದಲಿಂದ ಕಡೆವರೆಗೂ ಬರೀ ಸಂಕಟ, ಮುಗಿಯೋದೂ ಕತ್ತಲೆಯಲ್ಲೇ. ಬೇರೆ ಎಷ್ಟೋ ಕೀರ್ತನೆಗಳು ಗೋಳಾಟದಲ್ಲಿ ಶುರುವಾಗಿ ಸ್ತೋತ್ರದ ಕಡೆಗೆ ತಿರುಗುತ್ತವೆ, ಇದು ತಿರುಗುವುದೇ ಇಲ್ಲ. ಅಂಥದ್ದನ್ನೂ ದೇವರು ತನ್ನ ವಾಕ್ಯದಲ್ಲಿ ಇಟ್ಟುಕೊಂಡಿದ್ದಾನೆ ಅಂದರೆ ನಿನ್ನ ಪ್ರಾರ್ಥನೆಯೂ ಹಾಗೆ ಮುಗಿದರೆ ತಪ್ಪಿಲ್ಲ.

ಆಮೇಲೆ ಊಟ, ನಿದ್ದೆ. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಸಾಕಪ್ಪಾ, ನನ್ನ ಪ್ರಾಣ ತೆಗೆದುಬಿಡು ಅಂತ ಪ್ರವಾದಿ ಎಲೀಯನೂ ಒಂದು ದಿನ ಗಿಡದ ಕೆಳಗೆ ಬಿದ್ದುಕೊಂಡ. ದೇವದೂತ ಬಂದು ಮೊದಲು ತಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ತಿಂದು ಮತ್ತೆ ಮಲಗಿದ, ಮತ್ತೆ ಎಬ್ಬಿಸಿ ಕೊಟ್ಟ. ಬುದ್ಧಿವಾದ ಒಂದೂ ಇಲ್ಲ. ಅದಕ್ಕೇ ಹೇಳೋದು, ನಿದ್ದೆಯೇ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಯಾಕೆ ಬದುಕಿರಬೇಕು ಅಂತ ಅನ್ನಿಸುತ್ತಿದೆ ಅಂದರೆ ಮುಚ್ಚಿಡಬೇಡ, ತಕ್ಷಣ ನಮ್ಮಲ್ಲಿ ಯಾರಿಗಾದರೂ ಹೇಳು. ಡಾಕ್ಟರ್ ಹತ್ತಿರ ನಾನೇ ಜೊತೆಗೆ ಬರುತ್ತೇನೆ. ಅದರಿಂದ ನಂಬಿಕೆಗೆ ಏನೂ ಕುಂದಿಲ್ಲ.

ಇನ್ನು ಗ್ರೂಪಿನಲ್ಲಿರೋ ಎಲ್ಲರಿಗೂ. ಪೌಲ ಥೆಸಲೋನಿಕದವರಿಗೆ ಆ ಮಾತೆಲ್ಲ ಹೇಳಿ, ಈ ಮಾತುಗಳಿಂದ ಒಬ್ಬರನ್ನೊಬ್ಬರು ಸಂತೈಸಿರಿ ಅಂದ. ಅಂದರೆ ನಿರೀಕ್ಷೆ ಹೊರೋ ಕೆಲಸ ದುಃಖದಲ್ಲಿ ಇರೋ ಒಬ್ಬಳ ತಲೆ ಮೇಲೆ ಹಾಕೋದಲ್ಲ, ಅವಳಿಗೆ ಆಗದಿದ್ದಾಗ ನಾವು ಹೊರಬೇಕು. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಸ್ನೇಹಿತರು ಏಳು ದಿನ ಏಳು ರಾತ್ರಿ ಮಾತಾಡದೆ ಅವನ ಜೊತೆ ನೆಲದ ಮೇಲೆ ಕೂತಿದ್ದರು, ಅಷ್ಟೊತ್ತೂ ಚೆನ್ನಾಗಿತ್ತು, ಕಾರಣ ಹೇಳೋಕೆ ಶುರು ಮಾಡಿದ ಮೇಲೆ ಕೆಟ್ಟಿತು. ದೇವರ ಚಿತ್ತ, ಒಳ್ಳೆಯವರನ್ನು ಬೇಗ ಕರೆದುಕೊಳ್ಳುತ್ತಾನೆ, ಇಂಥ ಫಾರ್ವರ್ಡ್ ದಯವಿಟ್ಟು ಬೇಡ. ಚಿಕ್ಕಮ್ಮನ ಬಗ್ಗೆ ನಿಮಗೆ ನೆನಪಿರೋದನ್ನು ಹಾಕಿ, ಹಳೇ ಫೋಟೋ, ವಾಯ್ಸ್ ಮೆಸೇಜ್ ಇದ್ದರೆ ಪುಟ್ಟಿಗೆ ಬೇಕಾ ಅಂತ ಕೇಳಿ ಕಳಿಸಿ. ಹೆಸರೇ ಎತ್ತದೆ ಇದ್ದರೆ ಅವಳಿಗೆ ಇನ್ನೂ ಒಂಟಿ ಅನ್ನಿಸುತ್ತದೆ. ದೊಡ್ಡಪ್ಪಾ, ಚಿಕ್ಕಮ್ಮ ಚಿಕ್ಕವರಿದ್ದಾಗಿನ ಕಥೆಗಳು ನಿಮ್ಮ ಹತ್ತಿರ ಇದ್ದಷ್ಟು ಇನ್ಯಾರ ಹತ್ತಿರವೂ ಇಲ್ಲ. ನೀವೇ ಶುರು ಮಾಡಿ.

ಪುಟ್ಟಿ, ಭಾನುವಾರ ಸಭೆಗೆ ಬರೋಕೆ ಮನಸ್ಸಾಗದಿದ್ದರೆ ಬಲವಂತ ಇಲ್ಲ. ಬಂದರೆ ಹಿಂದಿನ ಬೆಂಚಲ್ಲಿ ನನ್ನ ಪಕ್ಕ ಕೂತುಕೋ, ಹಾಡದಿದ್ದರೂ ಪರವಾಗಿಲ್ಲ, ನಾವು ಹಾಡುತ್ತೇವೆ. ಬರದಿದ್ದರೆ ಆರಾಧನೆ ಮುಗಿಸಿಕೊಂಡು ನಾನೇ ಮನೆಗೆ ಬರುತ್ತೇನೆ. ಎರಡರಲ್ಲಿ ಯಾವುದು ಅಂತ ಶನಿವಾರ ರಾತ್ರಿಯೊಳಗೆ ಒಂದು ಮೆಸೇಜ್ ಹಾಕು.