ಅಪ್‌ಡೇಟ್: ಪಿಎಚ್‌ಡಿ ಅರ್ಜಿಗೆ ಕೊನೆಗೂ ಉತ್ತರ ಬಂತು

ಅಮೆರಿಕದಲ್ಲಿ ಬಯಾಲಜಿ ಪಿಎಚ್‌ಡಿಗೆ ಇಂಟರ್‌ವ್ಯೂ ಆಗಿದೆ, ಆಮೇಲೆ ಸುದ್ದಿಯೇ ಇಲ್ಲ, ಮೇಲ್ ಮಾಡಲಾ ಸುಮ್ನೆ ಕಾಯಲಾ ಅಂತ ಕೇಳಿದ್ದೆ. ಮೇಲ್ ಮಾಡಿ ಅಂದವರಿಗೆಲ್ಲ ತುಂಬಾ ಥ್ಯಾಂಕ್ಸ್.

ಮಾಡಿದೆ. ಕೋಆರ್ಡಿನೇಟರ್ ಮರುದಿನವೇ ಬರೆದರು: "ನಿಮ್ಮ ಅರ್ಜಿಯಲ್ಲಿ ಕೊರತೆ ಇಲ್ಲ. ಎಷ್ಟು ಸೀಟಿಗೆ ದುಡ್ಡಿದೆ ಅಂತ ನಮಗೇ ಗೊತ್ತಾಗಿಲ್ಲ." 2025ರ ಫೆಬ್ರವರಿ 7ರಂದು ಎನ್‌ಐಎಚ್ (ವೈದ್ಯಕೀಯ ಸಂಶೋಧನೆಗೆ ದುಡ್ಡು ಕೊಡುವ ಅಮೆರಿಕ ಸರ್ಕಾರದ ಸಂಸ್ಥೆ), ಸಂಶೋಧನಾ ಅನುದಾನದ ಜೊತೆ ಕೊಡುವ ಪರೋಕ್ಷ ವೆಚ್ಚವನ್ನು ಶೇ. 15ಕ್ಕೆ ಇಳಿಸುವುದಾಗಿ ಹೇಳಿತಲ್ಲ, ಅದರ ಬಿಸಿ ಇದು. ಲ್ಯಾಬಿನ ಕರೆಂಟು, ಕಟ್ಟಡ, ಆಫೀಸು ಸಿಬ್ಬಂದಿಗೆಲ್ಲ ಹೋಗುವುದು ಆ ದುಡ್ಡೇ. ಕೋರ್ಟ್ ತಡೆ ಕೊಟ್ಟ ಮೇಲೂ, ವರ್ಷಗಟ್ಟಲೆ ಸ್ಟೈಪೆಂಡ್ ಕೊಡುತ್ತೇವೆ ಅಂತ ಮಾತು ಕೊಡಲು ಆ ವಿಭಾಗಕ್ಕೆ ಧೈರ್ಯ ಬರಲಿಲ್ಲ. ಇದು ಗೊತ್ತಾದ ಮೇಲೆ ನನ್ನ ಕೋಪ ಇಳಿಯಿತು. ಬೇಜಾರು ಇಳಿಯಲಿಲ್ಲ.

ಆಮೇಲೆ ವೇಟ್‌ಲಿಸ್ಟ್. ಆಫರ್ ಸಿಕ್ಕವರಿಗೆ ಏಪ್ರಿಲ್ 15ರ ತನಕ ಯೋಚಿಸಲು ಸಮಯ ಇರುತ್ತೆ, ಅಲ್ವಾ? ಒಬ್ಬರು ಬಿಟ್ಟರು. ಆದರೆ ಆ ಸೀಟನ್ನು ವಿಭಾಗ ತುಂಬಲೇ ಇಲ್ಲ.

ಇನ್ನೊಂದು ಕಡೆ ಸ್ಟೈಪೆಂಡ್ ಇಲ್ಲದ ಮಾಸ್ಟರ್ಸ್ ಸೀಟು ಕೊಟ್ಟರು. ಅಷ್ಟು ಸಾಲ ಬೇಡ ಅಂದೆ. ಈಗಿರುವ ಲ್ಯಾಬಿನಲ್ಲೇ ಮುಂದುವರಿದು ಡಿಸೆಂಬರ್‌ನಲ್ಲಿ ಮತ್ತೆ ಅರ್ಜಿ ಹಾಕುತ್ತೇನೆ. ಶಿಫಾರಸು ಪತ್ರ ಬರೆಯಲು ನಮ್ಮ ಮೇಡಂ ಆಗಲೇ ಒಪ್ಪಿದ್ದಾರೆ.